ಎರಡೇ ಪರ್ಸೆಂಟು: ಯಾವುದರ ಎರಡು?



ಇಷ್ಟು ದಿನ ಹಳೆಯ ನೆನಪುಗಳನ್ನೇ ಬರೆಯುತ್ತಿದ್ದ ನಾನು ಈ ಸಲ ಲೆಕ್ಕದ ವಿಷಯಕ್ಕೆ ಕೈಹಾಕಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನಿಗೆ ಅಷ್ಟು ಸ್ವಾತಂತ್ರ್ಯವನ್ನು ನೀವು ಕೊಡುತ್ತೀರೆಂದು ನಂಬಿದ್ದೇನೆ. ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿಟ್ಟು ಯಾರ ಮೇಲೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ; ಅದರಲ್ಲಿ ಒಂದು ಪಾಲು ನಿಮ್ಮ ಮೇಲೂ ಇದೆ.

ಕಳೆದ ಮಾಘ ಮಾಸದಲ್ಲಿ ದೊಡ್ಡಬಳ್ಳಾಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೊಬ್ಬ ಹಳೆಯ ವಿದ್ಯಾರ್ಥಿ, ಬಲಕ್ಕೊಬ್ಬಳು ಹಳೆಯ ವಿದ್ಯಾರ್ಥಿನಿ. ಎಡಗಡೆಯವನು ಬೆಂಗಳೂರಿನಲ್ಲಿ ಹಣಪಾವತಿಯ ತಂತ್ರಾಂಶಕ್ಕೆ ಸಂಬಂಧಿಸಿದ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಬಲಗಡೆಯವಳು ಊರಿನ ನೇಕಾರರ ಮನೆಯ ಮಗಳು. ತಂದೆಯ ಮಗ್ಗದಲ್ಲಿ ನೇಯ್ದ ರೇಷ್ಮೆ ಸೀರೆಗಳನ್ನು ಅಂತರ್ಜಾಲದ ಮೂಲಕ ಮಾರುವವಳು. ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಅವಳು, "ಸಾರ್, ಕ್ರೆಡಿಟ್ ಕಾರ್ಡಿನವರು ಹಣ ಕೊಟ್ಟಾಗಲೆಲ್ಲ ನಮಗೆ ಬರುವುದರಲ್ಲಿ ಮುರಿದುಕೊಳ್ಳುತ್ತಾರೆ, ಅದರ ಲೆಕ್ಕ ನನಗೆ ಅರ್ಥವಾಗುವುದಿಲ್ಲ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಎಡಗಡೆಯವನು ನಗುತ್ತ, "ಎರಡೇ ಪರ್ಸೆಂಟು ತಾನೆ, ಅದಕ್ಕೇಕೆ ಇಷ್ಟು ಗಲಾಟೆ?" ಎಂದ. ಅವಳು ಸುಮ್ಮನಾದಳು. ನಾನೂ ಸುಮ್ಮನಾದೆ. ಮದುವೆಯ ಮನೆಯಲ್ಲಿ ವಾದ ಬೇಡವೆಂದುಕೊಂಡೆ. ಆದರೆ ಆ "ಎರಡೇ" ಎಂಬ ಪದ ಒಬ್ಬಟ್ಟಿನ ಜೊತೆ ಜೀರ್ಣವಾಗಲಿಲ್ಲ.

ಈ ಹುಡುಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಟನೆಯ ತರಗತಿಯಲ್ಲಿದ್ದಾಗ ಮಧ್ಯಾಹ್ನದ ಅವಧಿಯಲ್ಲಿ ಅವಳು ತೂಕಡಿಸುತ್ತಿದ್ದಳು. ಒಂದು ದಿನ ಸೀಮೆಸುಣ್ಣದ ತುಂಡೆಸೆದು ಎಬ್ಬಿಸಿ, ಇಡೀ ತರಗತಿಯ ಮುಂದೆ ನಿಲ್ಲಿಸಿ ಬೈದಿದ್ದೆ. ಆಮೇಲೆ ತಿಳಿಯಿತು: ಕರೆಂಟು ಇರುವ ಹೊತ್ತಿನಲ್ಲೇ ಮಗ್ಗ ನಡೆಯಬೇಕು, ಅದು ನಡುರಾತ್ರಿಯಾದರೂ ಸರಿ, ಮಗ್ಗ ನಡೆಯಬೇಕಾದರೆ ಯಾರಾದರೂ ಕಂಡಿಕೆ ಸುತ್ತಿಕೊಡಬೇಕು, ಆ ಕೆಲಸ ಮನೆಯ ಮಕ್ಕಳದು. ನೇಕಾರರ ಬೀದಿಗಳಲ್ಲಿ ನಡೆದವರಿಗೆ ಮಗ್ಗದ ಸದ್ದು ಗೊತ್ತು. ಆ ಸದ್ದಿನಲ್ಲಿ ನಿದ್ದೆಗೆಟ್ಟ ಮಗುವನ್ನು ಬೈದ ಮೇಷ್ಟ್ರು ನಾನು. ಆ ಸಾಲ ನನ್ನ ಮೇಲಿದೆ. ಹೀಗಾಗಿ ಮದುವೆಯ ಮರುವಾರ ಅವಳ ಮನೆಗೆ ಹೋಗಿ, ಪುಸ್ತಕ ತೆಗೆಸಿ, ಲೆಕ್ಕ ಹಾಕಲು ಕುಳಿತೆ.

ಅವಳು ಅಂತರ್ಜಾಲದ ವ್ಯಾಪಾರಕ್ಕೆ ಇಳಿದದ್ದು ಆಸೆಯಿಂದಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ನೇಯ್ದ ಸೀರೆಗಳು ಮನೆಯಲ್ಲೇ ಉಳಿದವು. ಬೆಂಗಳೂರಿನ ಸಗಟು ಅಂಗಡಿಯವರು ಎತ್ತಿಕೊಳ್ಳಲಿಲ್ಲ. ಕೊಟ್ಟಿದ್ದ ಮಾಲಿಗೂ ಹಣ ಬರಲಿಲ್ಲ. ಆಗ ಮೊಬೈಲಿನಲ್ಲಿ ಸೀರೆಯ ಚಿತ್ರ ತೆಗೆದು ಪರಿಚಯದವರಿಗೆ ಕಳುಹಿಸಿದಳು. ಮುಂದೆ ಅದೇ ಬೆಳೆದು, ಸ್ವಂತ ಜಾಲಪುಟವಾಯಿತು. ಕರ್ನಾಟಕದ ಒಳಗೇ ಮಾರಾಟ. ತಿಂಗಳಿಗೆ ಇಪ್ಪತ್ತು, ಇಪ್ಪತ್ತೈದು ಸೀರೆ. ಸಗಟು ಅಂಗಡಿಯ ದಲ್ಲಾಳಿ ಹೋದನಲ್ಲ ಎಂದು ಅವಳ ತಂದೆ ಸಂತೋಷಪಟ್ಟಿದ್ದರು. ದಲ್ಲಾಳಿ ಹೋಗಿರಲಿಲ್ಲ, ಬಾಗಿಲು ಬದಲಿಸಿದ್ದ.

ಈಗ ಲೆಕ್ಕಕ್ಕೆ ಬರೋಣ. ಕಾಗದ, ಪೆನ್ಸಿಲು ಇಟ್ಟುಕೊಳ್ಳಿ.

ಒಂದು ಸೀರೆಯ ಮಾರಾಟದ ಬೆಲೆ 6,000 ರೂಪಾಯಿ. ರೇಷ್ಮೆ ನೂಲು, ಜರಿ, ಬಣ್ಣಕ್ಕೆ 3,200. ಹಾಸು ಹೂಡಿಸುವ ಕೂಲಿ, ನೇಯ್ಗೆಯ ಕೂಲಿ ಸೇರಿ 1,650. ವಿದ್ಯುತ್ತು, ಮಗ್ಗದ ರಿಪೇರಿಯ ಪಾಲು 200. ಪೆಟ್ಟಿಗೆ, ಕೊರಿಯರ್ 200. ಚಿತ್ರ, ಜಾಹೀರಾತು ಎಂದು 150. ಒಟ್ಟು 5,400. ಉಳಿದದ್ದು 600. ಇದೇ ಅವಳ ಮನೆಯ ಅನ್ನ, ಮಗನ ಶಾಲೆಯ ಶುಲ್ಕ, ತಂದೆಯ ಔಷಧಿ.

ಕೊಂಡವರು ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟರೆಂದುಕೊಳ್ಳಿ. ಪಾವತಿಯನ್ನು ನಡೆಸಿಕೊಡುವ ಮಧ್ಯವರ್ತಿ ಸಂಸ್ಥೆಯ ದರ ಶೇಕಡಾ 2. ಸಣ್ಣ ವ್ಯಾಪಾರಿಗಳಿಗೆ ಸಾಮಾನ್ಯವಾಗಿ ಹೇಳುವ ದರವೇ ಅದು. 6,000ಕ್ಕೆ 120 ರೂಪಾಯಿ. ಆ ಶುಲ್ಕದ ಮೇಲೆ ಶೇಕಡಾ 18ರ ಜಿ.ಎಸ್.ಟಿ.: 21 ರೂಪಾಯಿ 60 ಪೈಸೆ. ಒಟ್ಟು 141 ರೂಪಾಯಿ 60 ಪೈಸೆ. 600ರಲ್ಲಿ ಇದನ್ನು ಕಳೆದರೆ 458 ರೂಪಾಯಿ 40 ಪೈಸೆ.

ಈಗ ಹೇಳಿ, ಅವಳು ಕಳೆದುಕೊಂಡದ್ದು ಶೇಕಡಾ ಎಷ್ಟು? ಎಡಗಡೆಯವನು ಎರಡೆನ್ನುತ್ತಾನೆ. ಅವನು ಭಾಗಿಸಿದ್ದು 6,000ದಿಂದ. ಆದರೆ ಆ 6,000 ಅವಳದ್ದಲ್ಲ. ಅದರಲ್ಲಿ 5,400 ನೂಲಿನವನದು, ನೇಯುವವನದು, ಕೊರಿಯರಿನವನದು. ಅವಳದ್ದು 600. 141.60ನ್ನು 600ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದು 23.6. ಹತ್ತು ಸೀರೆ ಮಾರಿದರೆ ಎರಡು ಸೀರೆಗೂ ಮೀರಿದ ಲಾಭ ಬೇರೆಯವರ ಪಾಲು. ತಿಂಗಳಿಗೆ ಇಪ್ಪತ್ತೈದು ಸೀರೆಗೂ ಕ್ರೆಡಿಟ್ ಕಾರ್ಡೇ ಬಂದರೆ 15,000 ರೂಪಾಯಿಯ ಲಾಭದಲ್ಲಿ 3,540 ಹೋಗುತ್ತದೆ. ಹೊರದೇಶದ ಬ್ಯಾಂಕು ಕೊಟ್ಟ ಕಾರ್ಡಿಗೆ ದರ ಇನ್ನೂ ಹೆಚ್ಚು. ಅದು ಶೇಕಡಾ 3 ಆದರೆ, ತೆರಿಗೆ ಸೇರಿ 212 ರೂಪಾಯಿ 40 ಪೈಸೆ. ಲಾಭದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು.

ಎಂಟನೆಯ ತರಗತಿಯ ವಾಣಿಜ್ಯ ಗಣಿತದಲ್ಲಿ ನಾನು ಗಂಟಲು ಹರಿಯುವಂತೆ ಹೇಳುತ್ತಿದ್ದದ್ದು ಒಂದೇ ಮಾತು: ಶೇಕಡಾ ಎಂದ ಕೂಡಲೇ "ಯಾವುದರ ಶೇಕಡಾ?" ಎಂದು ಕೇಳಿ. ಪರೀಕ್ಷೆಯಲ್ಲಿ ಇದಕ್ಕೆ ಒಂದು ಅಂಕ ಕಳೆಯುತ್ತಿದ್ದೆ. ನನ್ನ ಎಡಗಡೆಯವನು ಆಗಲೂ ಇದೇ ತಪ್ಪು ಮಾಡುತ್ತಿದ್ದ.

ಈ ಶುಲ್ಕಕ್ಕೆ ಬ್ಯಾಂಕಿನವರ ಭಾಷೆಯಲ್ಲಿ "ಮರ್ಚೆಂಟ್ ಡಿಸ್ಕೌಂಟ್ ರೇಟ್" ಎಂದು ಹೆಸರು. ಡಿಸ್ಕೌಂಟ್ ಎಂದರೆ ಸೋಡಿ. ನಮ್ಮ ಪಠ್ಯದಲ್ಲಿ ಸೋಡಿ ಎಂಬುದು ಮಾರುವವನು ಕೊಳ್ಳುವವನಿಗೆ ಸಂತೋಷದಿಂದ ಬಿಟ್ಟುಕೊಡುವ ಹಣ. ಇಲ್ಲಿ ಕೊಳ್ಳುವವನಿಗೆ ಬಿಡಿಗಾಸೂ ಕಡಿಮೆಯಾಗಿಲ್ಲ. ಮಾರುವವನು ಕೇಳದೆಯೇ ಕೊಟ್ಟಿದ್ದಾನೆ. ಹೆಸರಿಟ್ಟವರ ಜಾಣತನಕ್ಕೆ ಮೆಚ್ಚಲೇಬೇಕು.

ಈ ಹಣ ಎಲ್ಲಿ ಹೋಗುತ್ತದೆ? ಇದನ್ನು ತಿಳಿಯದೆ ಬೈಯುವುದು ಸರಿಯಲ್ಲ. ನೀವು ಪರದೆಯ ಮೇಲೆ ಕಾರ್ಡಿನ ಸಂಖ್ಯೆ ಒತ್ತಿದ ಕ್ಷಣ ಆ ವಿವರ ಮಧ್ಯವರ್ತಿ ಸಂಸ್ಥೆಯಿಂದ ವ್ಯಾಪಾರಿಯ ಪರವಾಗಿ ಹಣ ಸ್ವೀಕರಿಸುವ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲಕ್ಕೆ, ಅಲ್ಲಿಂದ ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ಓಡುತ್ತದೆ. ಆ ಬ್ಯಾಂಕು ಒಪ್ಪಿದರೆ ಅದೇ ದಾರಿಯಲ್ಲಿ ಉತ್ತರ ಹಿಂದಿರುಗುತ್ತದೆ. ಒಂದೆರಡು ದಿನ ಬಿಟ್ಟು ವ್ಯಾಪಾರಿಯ ಖಾತೆಗೆ ಹಣ ಬರುತ್ತದೆ, ಶುಲ್ಕ ಮುರಿದುಕೊಂಡು. ಈ ಶುಲ್ಕದಲ್ಲಿ ಮಧ್ಯವರ್ತಿಗೊಂದು ಪಾಲು, ಸ್ವೀಕರಿಸುವ ಬ್ಯಾಂಕಿಗೊಂದು, ಜಾಲಕ್ಕೊಂದು. ಎಲ್ಲಕ್ಕಿಂತ ದೊಡ್ಡ ಪಾಲು ಹೋಗುವುದು ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ಅದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಈ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚಿಕ್ಕಂದಿನಲ್ಲಿ ತಂದೆಯವರ ಜೊತೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದೆ. ಚಳಿಗೆ ಕಂಬಳಿ ಹೊದ್ದು, ಎತ್ತುಗಳ ನಡುವೆ ನಿಂತು ನೋಡುತ್ತಿದ್ದದ್ದು ದಲ್ಲಾಳಿಗಳನ್ನು. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯದು. ಆದರೆ ಟವಲಿನ ಎರಡು ತುದಿಯಲ್ಲಿದ್ದವರಿಗೆ ದಲ್ಲಾಳಿಯ ಮುಖ ಕಾಣುತ್ತಿತ್ತು. ವ್ಯಾಪಾರ ಕುದುರಿದ ಮೇಲೆ ಅವನ ಕೈಗೆಷ್ಟು ಇಡಬೇಕೆಂಬುದೂ ಇಬ್ಬರಿಗೂ ಗೊತ್ತಿತ್ತು. ಹೆಚ್ಚು ಕೇಳಿದರೆ ನನ್ನ ತಂದೆ ಜಗಳವಾಡುತ್ತಿದ್ದರು. ಈಗಿನ ಟವಲು ಅದಕ್ಕಿಂತ ಬಹಳ ದಪ್ಪ. ನಡುವೆ ದಲ್ಲಾಳಿ ಇದ್ದಾನೆಂಬುದೇ ಕೊಳ್ಳುವವನಿಗೆ ತಿಳಿಯುವುದಿಲ್ಲ. ಮಾರುವವಳಿಗೆ ತಿಳಿಯುವುದು ಹಣ ಮುರಿದ ಮೇಲೆ. ಜಗಳವಾಡೋಣವೆಂದರೆ ಮುಖವಿಲ್ಲ.

ಮಂಡಿಯ ನಿಯಮವನ್ನೂ ನೋಡಿ. ಎ.ಪಿ.ಎಂ.ಸಿ.ಯಲ್ಲಿ ಕಮಿಷನ್ ಕೊಳ್ಳುವವನ ಮೇಲೆ ಬರಬೇಕೇ ಹೊರತು ರೈತನ ಪಟ್ಟಿಯಲ್ಲಿ ಮುರಿಯಬಾರದು ಎಂಬುದು ನಮ್ಮ ರಾಜ್ಯದ ಕಾನೂನು. ಆ ಕಾನೂನನ್ನು ಎಷ್ಟು ಜನ ಪಾಲಿಸುತ್ತಾರೆ ಎಂಬುದು ಬೇರೆ ಮಾತು. ಆದರೆ ತಲೆಯಲ್ಲಿ ಗಂಟು ಹೊತ್ತು ಬಂದವನಿಂದ ದಲ್ಲಾಳಿ ಕೀಳಬಾರದೆಂಬ ನ್ಯಾಯ ಕಾಗದದ ಮೇಲಾದರೂ ಇದೆ. ನೇಕಾರನಿಗೆ ಆ ಕಾಗದವೂ ಇಲ್ಲ.

ಇನ್ನು ನನ್ನ ಶಿಷ್ಯನ ಪರವಾಗಿಯೂ ಮಾತಾಡಬೇಕು. ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಫೋನಿನಲ್ಲಿ ಅವನು ಹೇಳಿದ್ದರಲ್ಲಿ ಸತ್ಯವಿದೆ. ಕಾರ್ಡು ಕೊಟ್ಟ ಬ್ಯಾಂಕು ಕೊಳ್ಳುವವನಿಗೆ ನಲವತ್ತೈದು, ಐವತ್ತು ದಿನ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಅವನು ತೀರಿಸದಿದ್ದರೆ ನಷ್ಟ ಬ್ಯಾಂಕಿನದು, ನೇಕಾರಳದ್ದಲ್ಲ. ಕಳ್ಳ ಕಾರ್ಡುಗಳನ್ನು ಹಿಡಿಯುವ ಯಂತ್ರಗಳಿಗೆ, ಜನರಿಗೆ ಖರ್ಚಿದೆ. ಇವರಿಲ್ಲದಿದ್ದರೆ ಮೈಸೂರಿನಲ್ಲಿ ಕುಳಿತ ಅಪರಿಚಿತರೊಬ್ಬರು ದೊಡ್ಡಬಳ್ಳಾಪುರದ ಅಪರಿಚಿತಳೊಬ್ಬಳಿಗೆ ಆರು ಸಾವಿರ ಕಳುಹಿಸುವುದು ಕಷ್ಟವಿತ್ತು. ಒಪ್ಪುತ್ತೇನೆ. ಸೇವೆಗೆ ಕೂಲಿ ಕೊಡಬೇಕು. ನೇಕಾರರ ಊರಿನವನಾಗಿ ಕೂಲಿಯ ವಿರುದ್ಧ ನಾನು ಮಾತಾಡಲಾರೆ.

ನನ್ನ ಪ್ರಶ್ನೆ ಕೂಲಿಯ ಅಳತೆಯದು. ಆರುನೂರು ರೂಪಾಯಿಯ ರವಿಕೆ ಬಟ್ಟೆಯ ಪಾವತಿಗೂ ಆರು ಸಾವಿರದ ಸೀರೆಯ ಪಾವತಿಗೂ ಆ ಸಂದೇಶ ಓಡುವ ದಾರಿ ಒಂದೇ, ಹೊತ್ತು ಒಂದೇ. ಹಾಗಿರುವಾಗ ಒಂದಕ್ಕೆ ಹನ್ನೆರಡು ರೂಪಾಯಿ, ಇನ್ನೊಂದಕ್ಕೆ ನೂರಿಪ್ಪತ್ತು ಹೇಗೆ? ಸಾಲದ ಅಪಾಯ ಬೆಲೆಯೊಂದಿಗೆ ಬೆಳೆಯುತ್ತದೆ ಎನ್ನುತ್ತಾರೆ. ಸರಿ, ಆ ಸಾಲ ಪಡೆದವನು ಯಾರು? ಕೊಂಡವನು. ಅದರ ಬೆಲೆ ತೆರುವವಳು ಮಾರಿದವಳು! ಪಕ್ಕದ ಮನೆಯವನು ಮಾಡಿದ ಸಾಲಕ್ಕೆ ನನ್ನ ಸಂಬಳದಲ್ಲಿ ಬಡ್ಡಿ ಹಿಡಿದರೆ ನಾನು ಒಪ್ಪುತ್ತಿದ್ದೆನೆ?

ಇದಕ್ಕೆ ಮಿತಿ ಹಾಕುವುದು ಸಾಧ್ಯವಿಲ್ಲದ ಕೆಲಸವೂ ಅಲ್ಲ. ನಮ್ಮ ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿಗೆ ಅದನ್ನು ಮಾಡಿ ತೋರಿಸಿದೆ. 2012ರಲ್ಲಿ 2,000 ರೂಪಾಯಿವರೆಗಿನ ಪಾವತಿಗೆ ಶೇಕಡಾ 0.75, ಅದಕ್ಕೆ ಮೇಲ್ಪಟ್ಟರೆ ಶೇಕಡಾ 1 ಎಂದು ಗರಿಷ್ಠ ದರ ಗೊತ್ತುಮಾಡಿತು. 2018ರ ಜನವರಿ 1ರಿಂದ ವ್ಯಾಪಾರಿಯ ಗಾತ್ರವನ್ನೇ ಅಳತೆಗೋಲು ಮಾಡಿತು: ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದ ಸಣ್ಣ ವ್ಯಾಪಾರಿಗೆ ಶೇಕಡಾ 0.40 ಮೀರುವಂತಿಲ್ಲ, ಎಷ್ಟೇ ದೊಡ್ಡ ಮೊತ್ತವಾದರೂ 200 ರೂಪಾಯಿ ದಾಟುವಂತಿಲ್ಲ. ದೊಡ್ಡ ವ್ಯಾಪಾರಿಗೆ ಶೇಕಡಾ 0.90, ಗರಿಷ್ಠ 1,000 ರೂಪಾಯಿ. ಅಂತರ್ಜಾಲದ ಪಾವತಿಯೂ ಇದರಲ್ಲಿ ಸೇರಿತ್ತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೂ ಯು.ಪಿ.ಐ.ಗೂ ಈ ಶುಲ್ಕ ಸೊನ್ನೆಯಾಯಿತು.

ನಮ್ಮ ಹುಡುಗಿಯ ವಹಿವಾಟು ವರ್ಷಕ್ಕೆ ಸುಮಾರು 18 ಲಕ್ಷ. ಅಂದರೆ ಆ ಆದೇಶದ ಪ್ರಕಾರ ಸಣ್ಣ ವ್ಯಾಪಾರಿ. ಅದೇ ಸೀರೆ, ಅದೇ ಗಿರಾಕಿ, ಅದೇ ಬ್ಯಾಂಕು. ಡೆಬಿಟ್ ಕಾರ್ಡಾದರೆ ಕಾನೂನು 24 ರೂಪಾಯಿಗೆ ಗೆರೆ ಎಳೆಯುತ್ತದೆ. ಜೇಬಿನ ಇನ್ನೊಂದು ಕಾರ್ಡನ್ನು ತೆಗೆದರೆ ಗೆರೆಯೇ ಇಲ್ಲ. ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೆ ರಿಸರ್ವ್ ಬ್ಯಾಂಕು ಗರಿಷ್ಠ ಮಿತಿಯನ್ನೇ ಹಾಕಿಲ್ಲ. ಮಧ್ಯವರ್ತಿ ಸಂಸ್ಥೆಗಳಿಗೆ 2020ರ ಮಾರ್ಚ್‌ನಲ್ಲಿ ನಿಯಮಾವಳಿ ಬಂದಿತು: ಪರವಾನಗಿ ಪಡೆಯಬೇಕು, ವ್ಯಾಪಾರಿಗಳ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು ಎಂದೆಲ್ಲ. ಒಳ್ಳೆಯ ನಿಯಮಗಳೇ. ಬೀಗ ಯಾವುದಿರಬೇಕು, ಪೆಟ್ಟಿಗೆ ಎಲ್ಲಿರಬೇಕು ಎಂದು ಹೇಳಿದವರು ಕ್ರೆಡಿಟ್ ಕಾರ್ಡಿನ ಹಣದಲ್ಲಿ ಎಷ್ಟು ತೆಗೆದುಕೊಳ್ಳಬಹುದೆಂದು ಹೇಳಲಿಲ್ಲ.

ಸ್ಪರ್ಧೆಯೇ ಬೆಲೆ ಇಳಿಸುತ್ತದೆ ಎಂದು ನನ್ನ ಶಿಷ್ಯ ವಾದಿಸಿದ. ಸ್ಪರ್ಧೆ ದೊಡ್ಡವರಿಗೆ ಇಳಿಸುತ್ತದೆ. ತಿಂಗಳಿಗೆ ಕೋಟಿಗಟ್ಟಲೆ ವಹಿವಾಟಿನ ಕಂಪನಿ ಕರೆದು ಕೂರಿಸಿ ದರ ಕಡಿಮೆ ಮಾಡಿಸುತ್ತದೆ; ಇಪ್ಪತ್ತೈದು ಸೀರೆಯವಳು ಜಾಲಪುಟದಲ್ಲಿ ಕಂಡ ದರಕ್ಕೆ "ಒಪ್ಪಿದೆ" ಎಂದು ಒತ್ತುತ್ತಾಳೆ. ಸ್ಪರ್ಧೆಯ ಮೇಲೆ ನಮಗಿಂತ ಹೆಚ್ಚು ನಂಬಿಕೆ ಇಟ್ಟ ಯೂರೋಪಿನವರೇ 2015ರ ಕಾನೂನಿನಲ್ಲಿ ಸಾಮಾನ್ಯ ಗ್ರಾಹಕರ ಕಾರ್ಡುಗಳ ಇಂಟರ್‌ಚೇಂಜ್‌ಗೆ ಮಿತಿ ಹಾಕಿದರು: ಡೆಬಿಟ್‌ಗೆ ಶೇಕಡಾ 0.2, ಕ್ರೆಡಿಟ್‌ಗೆ ಶೇಕಡಾ 0.3. ಅದು ಇಡೀ ಶುಲ್ಕವಲ್ಲ, ಅದರ ದೊಡ್ಡ ಪಾಲು ಮಾತ್ರ ಎಂಬುದು ನಿಜ. ಆದರೂ ಆರು ಸಾವಿರಕ್ಕೆ ಆ ಪಾಲು 18 ರೂಪಾಯಿ. ಯೂರೋಪಿನಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚಲಿಲ್ಲ.

"ಹಾಗಾದರೆ ಬೆಲೆ ಏರಿಸಲಿ" ಎಂಬುದು ಇನ್ನೊಂದು ಸುಲಭದ ಉತ್ತರ. ಸೂರತ್ತಿನಿಂದ ಅಗ್ಗದ ಸೀರೆಗಳು ಬಂದು ನಮ್ಮ ಮಗ್ಗಗಳ ಮಾಲನ್ನು ಮೂಲೆಗೆ ತಳ್ಳುತ್ತಿರುವ ಕಾಲದಲ್ಲಿ ಏರಿಸಿ ನೋಡಲಿ. ಏರಿಸಿದರೂ, ನಗದು ಕೊಟ್ಟವರೂ ಯು.ಪಿ.ಐ.ಯಲ್ಲಿ ಕೊಟ್ಟವರೂ ಕಾರ್ಡಿನವನ ಶುಲ್ಕವನ್ನು ಹಂಚಿಕೊಂಡು ತೆರಬೇಕಾಗುತ್ತದೆ. ಕಾರ್ಡಿನವನಿಂದಲೇ ಕೇಳೋಣವೆಂದರೆ, ಒಪ್ಪಂದಗಳು ಸಾಮಾನ್ಯವಾಗಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗ್ರಾಹಕನ ಮೇಲೆ ಹೇರಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇತ್ತ ರೈಲು ಟಿಕೆಟ್ಟನ್ನು ಅಂತರ್ಜಾಲದಲ್ಲಿ ಕೊಂಡು ನೋಡಿ: "ಅನುಕೂಲ ಶುಲ್ಕ" ಎಂದು ನಿಮ್ಮಿಂದಲೇ ವಸೂಲು. ದೊಡ್ಡವರು ಮಾಡಿದರೆ ಅನುಕೂಲ, ಸಣ್ಣವರು ಮಾಡಿದರೆ ನಿಯಮಭಂಗ.

ತೆರಿಗೆಯ ಸೂಕ್ಷ್ಮವೊಂದನ್ನು ಹೇಳಿಬಿಡುತ್ತೇನೆ. ಶುಲ್ಕದ ಮೇಲಿನ ಶೇಕಡಾ 18ನ್ನು ಜಿ.ಎಸ್.ಟಿ. ನೋಂದಣಿಯುಳ್ಳ ದೊಡ್ಡ ವ್ಯಾಪಾರಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. 40 ಲಕ್ಷದ ಕೆಳಗಿದ್ದು, ರಾಜ್ಯದೊಳಗೇ ಮಾರುವ, ನೋಂದಣಿಯಿಲ್ಲದ ಇವಳು ಆ 21 ರೂಪಾಯಿ 60 ಪೈಸೆಯನ್ನು ಪೂರ್ತಿ ನುಂಗಬೇಕು. 2,000 ರೂಪಾಯಿವರೆಗಿನ ಕಾರ್ಡು ಪಾವತಿಗೆ ಈ ತೆರಿಗೆ ಇಲ್ಲ. ಮಧ್ಯವರ್ತಿ ಸಂಸ್ಥೆಗಳಿಗೂ ಆ ವಿನಾಯಿತಿ ಸಲ್ಲುತ್ತದೆಂದು 2024ರ ಡಿಸೆಂಬರ್‌ನಲ್ಲಿ ಜಿ.ಎಸ್.ಟಿ. ಮಂಡಳಿ ಸ್ಪಷ್ಟಪಡಿಸಿತು. ಸಂತೋಷ. ಆದರೆ ಎರಡು ಸಾವಿರಕ್ಕೆ ರೇಷ್ಮೆ ಸೀರೆ ನೇಯುವುದು ಹೇಗೆಂದು ಯಾರಾದರೂ ತಿಳಿಸಲಿ.

ಪುಸ್ತಕ ತಿರುಗಿಸುತ್ತಿದ್ದಾಗ ಒಂದು ಕಡೆ ಕೆಂಪು ಶಾಯಿಯ ಗುರುತು ಕಂಡಿತು. ಏನೆಂದು ಕೇಳಿದೆ. ದೀಪಾವಳಿಯ ಹೊತ್ತಿಗೆ ಒಬ್ಬರು ಮಾವಿನ ಚಿಗುರು ಬಣ್ಣದ ಸೀರೆ ಕೊಂಡು, ಪರದೆಯಲ್ಲಿ ಕಂಡ ಬಣ್ಣವೇ ಬೇರೆ ಎಂದು ಹಿಂದಿರುಗಿಸಿದರು. ಅವಳು ಮಾತಾಡದೆ ಆರು ಸಾವಿರವನ್ನೂ ಮರಳಿಸಿದಳು. ಸೀರೆ ಬಂತು. ಹಣ ಹೋಯಿತು. ಆದರೆ ಮೊದಲೇ ಮುರಿದ 141 ರೂಪಾಯಿ 60 ಪೈಸೆ ಮರಳಲಿಲ್ಲ. ಕೇಳಿದ್ದಕ್ಕೆ, "ನಮ್ಮ ಸೇವೆ ಆಗಿಹೋಗಿದೆ" ಎಂಬ ಸಿದ್ಧ ಉತ್ತರ ಬಂತು. ಒಪ್ಪಂದದಲ್ಲಿ ಹಾಗೆಂದೇ ಇತ್ತು. ಹುಡುಕಿ ಓದಿದೆ, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಡೆಯದ ವ್ಯಾಪಾರಕ್ಕೂ ದಲ್ಲಾಳಿ! ಘಾಟಿ ಜಾತ್ರೆಯಲ್ಲಿ ಎತ್ತು ಹಿಂದಿರುಗಿ ಬಂದರೆ ದಲ್ಲಾಳಿ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ.

ಯು.ಪಿ.ಐ. ಇದೆಯಲ್ಲ, ಅದನ್ನೇ ಬಳಸಬಾರದೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವಳದೇ ಕ್ಯು.ಆರ್. ಚಿತ್ರಕ್ಕೆ ಬಂದ ಹಣದಲ್ಲಿ ಮುರಿತವಿಲ್ಲ. ಆದರೆ ಜಾಲಪುಟದ ಮೂಲಕ ಬಂದಾಗ ಕೆಲವು ಮಧ್ಯವರ್ತಿ ಸಂಸ್ಥೆಗಳು ಯು.ಪಿ.ಐ. ಪಾವತಿಗೂ "ಪ್ಲಾಟ್‌ಫಾರಂ ಶುಲ್ಕ" ಹಾಕುತ್ತವೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೇ ಯು.ಪಿ.ಐ.ಗೆ ಜೋಡಿಸಬಹುದು, ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಅದರ ಶುಲ್ಕವಿಲ್ಲ, ಅದಕ್ಕೆ ಮೇಲ್ಪಟ್ಟರೆ ಇದೆ. ಆದ್ದರಿಂದ ಮೊಬೈಲು ಹಿಡಿದು ಸ್ಕ್ಯಾನ್ ಮಾಡಿದ್ದೆಲ್ಲ ಉಚಿತವೆಂದು ಭಾವಿಸಬೇಡಿ. ಉಚಿತ ಎಂಬುದರ ಖರ್ಚೂ ಎಲ್ಲೋ ಬೀಳುತ್ತದೆ: 2024-25ನೆಯ ಸಾಲಿಗೆ ಸಣ್ಣ ಮೊತ್ತದ ಯು.ಪಿ.ಐ. ವ್ಯಾಪಾರಿ ಪಾವತಿಗಳ ಪ್ರೋತ್ಸಾಹಧನಕ್ಕಾಗಿ ಕೇಂದ್ರ ಸಚಿವ ಸಂಪುಟ 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅದು ನಮ್ಮ, ನಿಮ್ಮ ತೆರಿಗೆ. ಆದರೂ ಅದು ಎಲ್ಲರಿಗೂ ಕಾಣುವಂತೆ ಹಂಚಿಕೊಂಡ ಖರ್ಚು, ಟವಲಿನ ಕೆಳಗಿನದಲ್ಲ.

ಇದರ ನಡುವೆ ಮತ್ತೊಂದು ಭಯ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ವಹಿವಾಟಿನ ಅಂಕಿಗಳನ್ನು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂದದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಬೆಂಗಳೂರಿನ ಅಂಗಡಿಗಳ ಮುಂದೆ "ಯು.ಪಿ.ಐ. ಇಲ್ಲ, ನಗದು ಮಾತ್ರ" ಎಂಬ ಫಲಕಗಳು ಬಂದವು. ಆ ಗಲಾಟೆ ಮುಂದೆ ತಣ್ಣಗಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಮ್ಮ ಹುಡುಗಿಯ ತಂದೆ ಆ ತಿಂಗಳು ಕ್ಯು.ಆರ್. ಚಿತ್ರವನ್ನೇ ಜಾಲಪುಟದಿಂದ ತೆಗೆಸಿಬಿಟ್ಟಿದ್ದರು. ತೆರಿಗೆಯವರಿಗೆ ಹೆದರಿ ದಲ್ಲಾಳಿಯ ಕೈಗೆ ಬಿದ್ದರು. ಕಾರ್ಡಿನಲ್ಲಿ ಬಂದ ಹಣವೂ ಅದೇ ಬ್ಯಾಂಕು ಖಾತೆಗೇ ಬರುತ್ತದೆ, ಅದೂ ಕಾಣುತ್ತದೆ, ಮಿತಿಯೊಳಗಿರುವವರು ಯಾವುದಕ್ಕೂ ಹೆದರಬೇಕಿಲ್ಲ ಎಂದು ತಿಳಿಹೇಳಲು ನನಗೆ ಒಂದು ಸಂಜೆ ಹಿಡಿಯಿತು.

ಈಗ ನಿಮ್ಮ ಸರದಿ. ಇಂಟರ್‌ಚೇಂಜ್ ಎಂಬ ಪದವನ್ನು ನೆನಪಿಡಿ ಎಂದಿದ್ದೆ. ನಿಮ್ಮ ಕಾರ್ಡಿಗೆ ಬರುವ ರಿವಾರ್ಡ್ ಪಾಯಿಂಟುಗಳು, ಕ್ಯಾಶ್‌ಬ್ಯಾಕು, ಹಬ್ಬದ ರಿಯಾಯಿತಿಗಳಿಗೆ ಹಣ ಎಲ್ಲಿಂದ ಬರುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಬ್ಯಾಂಕಿನ ಅಧ್ಯಕ್ಷರು ಮನೆಯಿಂದ ತಂದು ಕೊಡುವುದಿಲ್ಲ. ಬಹುಪಾಲು ಇದೇ ಇಂಟರ್‌ಚೇಂಜ್‌ನಿಂದ, ಉಳಿದದ್ದು ಬಡ್ಡಿ, ವಾರ್ಷಿಕ ಶುಲ್ಕಗಳಿಂದ. ನಿಮ್ಮಲ್ಲಿ ಅನೇಕರು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ತಿಂಗಳಿಗೆರಡು ಸಲ ಹಾರುವವರು. ಅಲ್ಲಿಯ ಲೌಂಜಿನಲ್ಲಿ ಕಾರ್ಡು ಉಜ್ಜಿ, ನೆಪಕ್ಕೆ ಒಂದೆರಡು ರೂಪಾಯಿ ಕೊಟ್ಟು ಇಡ್ಲಿ, ಕಾಫಿ ಮುಗಿಸಿದ ಚಿತ್ರಗಳನ್ನು ನನಗೂ ಕಳುಹಿಸುತ್ತೀರಿ. "ಫ್ರೀ ಸಾರ್" ಎಂದು ಬರೆಯುತ್ತೀರಿ. ಆ ಕಾಫಿಯ ಬಿಲ್ಲಿನಲ್ಲಿ ಒಂದು ಪಾಲು ಅಲ್ಲಿಂದ ಗಾವುದ ದೂರದ ದೊಡ್ಡಬಳ್ಳಾಪುರದಲ್ಲಿ ಕಂಡಿಕೆ ಸುತ್ತುವವರ ಲೆಕ್ಕದಲ್ಲಿ ಬರೆಯಲಾಗಿದೆ. ಉಳ್ಳವನಿಗೆ ಇಲ್ಲದವನು ಕಾಫಿ ಕುಡಿಸುವ ಈ ಏರ್ಪಾಡಿಗೆ "ಲಾಯಲ್ಟಿ" ಎಂದು ಹೆಸರು.

ನಾನು ಕೇಳುವುದು ದೊಡ್ಡದೇನಲ್ಲ. 2017ರ ಡಿಸೆಂಬರ್‌ನ ಆದೇಶದಲ್ಲಿ ರಿಸರ್ವ್ ಬ್ಯಾಂಕು ಸಣ್ಣ ವ್ಯಾಪಾರಿಯನ್ನು ಗುರುತಿಸಿ ಡೆಬಿಟ್ ಕಾರ್ಡಿಗೆ ಎಳೆದ ಗೆರೆಯನ್ನು ಕ್ರೆಡಿಟ್ ಕಾರ್ಡಿಗೂ ಎಳೆಯಲಿ. ಅದೇ ದರ ಬೇಡ, ಸಾಲದ ಖರ್ಚು ಸೇರಿಸಿ ಸ್ವಲ್ಪ ಮೇಲೆಯೇ ಎಳೆಯಲಿ, ಆದರೆ ರೂಪಾಯಿಗಳಲ್ಲೊಂದು ಗರಿಷ್ಠ ಮೊತ್ತ ಇರಲಿ. ಸರಕು ಹಿಂದಿರುಗಿದರೆ ಶುಲ್ಕವೂ ಹಿಂದಿರುಗಲಿ. ಹಣ ಕೊಡುವ ಪರದೆಯ ಮೇಲೆ, ಪ್ರತಿಯೊಂದು ವಿಧಾನದ ಎದುರಿಗೆ, ಇದರಿಂದ ಮಾರುವವರಿಗೆ ಎಷ್ಟು ಖರ್ಚು ಎಂದು ಕನ್ನಡದಲ್ಲಿ ಬರೆಯಲಿ. ಟವಲು ಎತ್ತಿದರೆ ಸಾಕು, ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

ಅದು ಆಗುವವರೆಗೆ, ನಿಮ್ಮಲ್ಲಿ ಸಣ್ಣ ವ್ಯಾಪಾರ ಮಾಡುವವರಿಗೆ ಒಂದು ಮಾತು. ಚಕ್ಕೋತದ ಹಣ್ಣು ಮಾರುವವರಿರಲಿ, ಹಪ್ಪಳ, ಸಂಡಿಗೆ ಮಾರುವ ನಮ್ಮ ನೆಲಮಂಗಲದ ಸೊಸೆಯಿರಲಿ, ಎಲ್ಲಕ್ಕೂ ಒಂದೇ ದರವೆಂಬ ಒಪ್ಪಂದಕ್ಕೆ ಒಪ್ಪುವ ಮುನ್ನ ಡೆಬಿಟ್ ಕಾರ್ಡಿಗೆಷ್ಟು, ಯು.ಪಿ.ಐ.ಗೆಷ್ಟು, ಕ್ರೆಡಿಟ್ ಕಾರ್ಡಿಗೆಷ್ಟು, ಹಿಂದಿರುಗಿಸಿದಾಗ ಏನಾಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಬೆಲೆ ನಿರ್ಧರಿಸುವಾಗ ಶುಲ್ಕವನ್ನು ಲಾಭದಿಂದ ಭಾಗಿಸಿ ನೋಡಿ, ಮಾರಾಟದಿಂದಲ್ಲ. ಕೊಳ್ಳುವವರಿಗೆ ಹೇಳುವುದಿಷ್ಟೆ: ದೊಡ್ಡ ಮಾಲುಗಳಲ್ಲಿ ನಿಮ್ಮ ಕಾರ್ಡನ್ನು ಧಾರಾಳವಾಗಿ ಉಜ್ಜಿ. ಕೈಕೆಲಸದವರಿಂದ ನೇರವಾಗಿ ಕೊಳ್ಳುವಾಗ ಬ್ಯಾಂಕು ಖಾತೆಯಿಂದಲೇ ಯು.ಪಿ.ಐ. ಮಾಡಿ. ಸೀರೆಯ ಬೆಲೆಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡಿ, ಬಳಿಕ ಕಾರ್ಡಿನಲ್ಲಿ ಕೊಟ್ಟು ಇನ್ನೂ ನೂರನಲವತ್ತು ಕಳೆಯಬೇಡಿ.

ಕಳೆದ ವಾರ ಅವಳು ಜಾಲಪುಟದಲ್ಲಿ ಕ್ಯು.ಆರ್. ಚಿತ್ರವನ್ನು ಮತ್ತೆ ಹಾಕಿದಳು, ಈ ಸಲ ಕಾರ್ಡಿನ ಗುಂಡಿಗಿಂತ ಮೇಲೆ. ಅದರ ಕೆಳಗೆ "ಇದರಲ್ಲಿ ಕೊಟ್ಟರೆ ಪೂರ್ತಿ ಹಣ ನೇಕಾರರಿಗೆ" ಎಂದು ಬರೆಯಲೇ ಎಂದು ಕೇಳಿದಳು. ಬರೆ ಎಂದೆ, "ಪೂರ್ತಿ" ಎಂಬಲ್ಲಿ ದೀರ್ಘ ಹೋಗಿತ್ತು, ತಿದ್ದಿಕೊಟ್ಟೆ.

ಎಡಗಡೆಯವನು ಈ ಬರಹದ ಕರಡನ್ನು ಓದಿದ್ದಾನೆ. 600ರ ಲೆಕ್ಕ ತಪ್ಪಲ್ಲ, ಆದರೆ ಸಂಪೂರ್ಣವೂ ಅಲ್ಲ ಎಂದಿದ್ದಾನೆ. ಮುಂದಿನ ತಿಂಗಳು ಊರಿಗೆ ಬಂದಾಗ ವಿವರಿಸುತ್ತಾನಂತೆ. ಬರಲಿ. ಶಾಲೆಯವರು ಹರಾಜಿಗೆ ಹಾಕಿದ್ದ ಹಳೆಯ ಕರಿಹಲಗೆಯೊಂದು ನಮ್ಮ ಮನೆಯ ಪಡಸಾಲೆಯಲ್ಲೇ ಇದೆ, ಸೀಮೆಸುಣ್ಣ ತಂದಿಟ್ಟಿದ್ದೇನೆ.